ಮಾಸುಂಬಿಯ ನೀಲಿ ದಾರ

ನೋಟಿಸು ಓದುವ ಕೆಲಸ ಶಿವಕುಮಾರಿಯ ಕೊರಳಿಗೆ ಬಿತ್ತು. ಸಿಂಧನೂರಿನ ಆ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊಲಿಯುವ ಹೆಂಗಸರ ಪೈಕಿ ಓದು ಬಂದವಳು ಅವಳೊಬ್ಬಳೇ. ಮದುವೆಯಾಗಿ ಮಕ್ಕಳಾದ ಮೇಲೆ ಸಂಜೆ ಶಾಲೆಗೆ ಹೋಗಿ ಹತ್ತನೆಯ ಇಯತ್ತೆ ಪಾಸಾಗಿದ್ದಳು. ಪಾಸಾದರೂ ತಾನು ಓದಿದ್ದು ಸರಿಯೋ ತಪ್ಪೋ ಎಂಬ ಅಂಜಿಕೆ ಮಾತ್ರ ಹೋಗಿರಲಿಲ್ಲ. ಬಸ್ಸಿನ ಬೋರ್ಡನ್ನು ಕೂಡ ಓದಿ, ಮತ್ತೆ ಪಕ್ಕದವರನ್ನು ಕೇಳಿಯೇ ಹತ್ತುವಳು.

ಗೇಟಿನ ಒಳಗೋಡೆಗೆ ಅಂಟಿಸಿದ್ದ ಹಾಳೆಯ ಮುಂದೆ ನಿಂತು ಅವಳು ನಿಧಾನವಾಗಿ ಓದಿದಳು. ಪ್ಯಾಕಿಂಗ್ ವಿಭಾಗದ ಪುನರ್‌ರಚನೆ ಮಾಡಲಾಗುವುದು ಎಂದಿತ್ತು.

“ಹಂಗಂದ್ರೇನ್ ಬೇ?” ಅಂದಳು ಮಹಾಲಕ್ಷ್ಮಿ. ಅವಳ ದನಿ ಬಾಯ್ಲರಿನ ಸದ್ದನ್ನೂ ಮೀರಿ ಕೇಳುವಂಥದು.

“ಮತ್ತ ಹೊಸದಾಗಿ ಕಟ್ಟೋದಂತ.”

“ಏನ್ ಕಟ್ತಾರ? ನಮಗೊಂದು ಪಾಯಖಾನಿ ಕಟ್ಟಿಸ್ರಿ ಅಂತ ಹೇಳಿ ಹೇಳಿ ನನ್ನ ಬಾಯಿ ಸವದೈತಿ. ಅದನ್ನರ ಬರದಾರೇನು, ನೆಟ್ಟಗ ನೋಡು.”

ಹೆಂಗಸರು ನಕ್ಕರು. ಶಿವಕುಮಾರಿ ನಗಲಿಲ್ಲ. ಅವಳ ಕಣ್ಣು ಆಗಲೇ ಕೆಳಗಿನ ಸಾಲಿಗೆ ಇಳಿದಿತ್ತು. ಅಕ್ಕಿ ತುಂಬಿ, ತೂಗಿ, ಚೀಲದ ಬಾಯಿ ಹೊಲಿಯುವ ಯಂತ್ರ ಬರಲಿದೆ. ಈಗಿರುವ ಕೈಗಳಲ್ಲಿ ಅರ್ಧದಷ್ಟು ಸಾಕು. ಯಾರು ಉಳಿಯಬೇಕೆಂಬುದನ್ನು ಅವರವರ ಕೆಲಸವೇ ತೀರ್ಮಾನಿಸುವುದು. ಅದನ್ನು ಗಟ್ಟಿಯಾಗಿ ಓದುವಾಗ ಅವಳ ದನಿ ಸಣ್ಣಗಾಯಿತು. ಎಲ್ಲರ ಕಣ್ಣುಗಳು ತಾವಾಗಿಯೇ ಮಾಸುಂಬಿಯ ಕೈಗಳ ಕಡೆ ಹೋಗಿ, ನಾಚಿದಂತೆ ಬೇರೆ ಕಡೆ ಹೊರಳಿದವು.

ಮಾಸುಂಬಿಯ ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ಸೊಟ್ಟಗಾಗಿದ್ದವು. ಉಳಿದವರು ಒಂದು ಚೀಲ ಹೊಲಿದು ದಬ್ಬಳಕ್ಕೆ ಮತ್ತೆ ದಾರ ಪೋಣಿಸಿಕೊಳ್ಳುವಷ್ಟರಲ್ಲಿ ಅವಳದು ಇನ್ನೂ ಅರ್ಧ ಬಾಯಿ ಮುಚ್ಚಿರುತ್ತಿತ್ತು. ಆದರೆ ಅಲ್ಲಿದ್ದ ಪ್ರತಿ ಹೆಂಗಸಿನ ಕೈಗೆ ಮೊದಲ ಸಲ ದಬ್ಬಳ ಕೊಟ್ಟು, ಗೋಣಿಯ ಮೂಲೆಗೆ ಹಿಡಿದು ಎತ್ತಲು ಕಿವಿ ಬಿಟ್ಟು ಬಿಗಿಯುವುದನ್ನು ತೋರಿಸಿದವಳು ಅವಳೇ. ಗಂಡ ಬಾಬುಸಾಬ್ ಇದೇ ಮಿಲ್ಲಿನಲ್ಲಿ ಹಮಾಲನಾಗಿದ್ದ. ಗೋಡೌನಿನಲ್ಲಿ ಎತ್ತರಕ್ಕೆ ಪೇರಿಸಿದ್ದ ಚೀಲಗಳು ಅವನ ಮೇಲೆ ಕುಸಿದು ಬಿದ್ದು ಸತ್ತ. ಆಗಿನ ಮಾಲೀಕ ಅಮರಗುಂಡಪ್ಪ ಸಾವ್ಕಾರ ಮಣ್ಣಿಗೆ ಬಂದವನು, ಮಂದಿಯೆಲ್ಲ ಕೇಳುವಂತೆ, “ಮಾಸುಂಬಿ, ಕೈ ನಡಿಯೋತನಕ ಮಿಲ್ಲಿಗೆ ಬಾ. ಕೈ ನಡೀಲಿಲ್ಲಂದ್ರ ಸುಮ್ನ ಬಂದು ಕೂಡು. ನಿನ್ನನ್ನ ಬ್ಯಾಡ ಅನ್ನಾಂವ ಯಾವನೂ ಇಲ್ಲ,” ಅಂದಿದ್ದ. ಸಾವ್ಕಾರ ಬದುಕಿರುವವರೆಗೆ ಯಾರೂ ಅನ್ನಲಿಲ್ಲ. ಅವನು ಹೋದ ಮೇಲೆ ಮಕ್ಕಳು ಮಿಲ್ಲು ಮಾರಿದರು. ಕೊಂಡ ಕಂಪನಿಯವರು ಗೋಡೆಗೆ ಹೊಸ ಬಣ್ಣ ಹೊಡೆಸಿ, ಹೊಸ ಬೋರ್ಡು ಹಾಕಿ, ಹೊಸ ಮ್ಯಾನೇಜರನನ್ನು ಕಳಿಸಿದರು.

ಹೊಲಿಗೆಯವರದು ಮೊದಲಿನಿಂದಲೂ ಒಂದು ರೀತಿ. ದಿನವಿಡೀ ಹೊಲಿದ ಚೀಲಗಳೆಲ್ಲ ಒಂದೇ ರಾಶಿ, ಬಟವಾಡೆಯ ದಿನ ಕೂಲಿಯಲ್ಲಿ ಎಲ್ಲರಿಗೂ ಸಮಪಾಲು. ಬಸುರಿಯಾದವಳು ದಾರ ಕತ್ತರಿಸಿ ಕೊಡುತ್ತ ಕೂತರೂ ಅಷ್ಟೇ ಪಾಲು, ಜ್ವರದಿಂದ ಎದ್ದು ಬಂದವಳಿಗೂ ಅಷ್ಟೇ ಪಾಲು. ನೀನೆಷ್ಟು ಹೊಲಿದೆ ಎಂದು ಕೇಳುವುದು, ಊಟಕ್ಕೆ ಕೂತವರ ತಾಟಿನಲ್ಲಿ ರೊಟ್ಟಿ ಎಣಿಸಿದಷ್ಟೇ ಕೆಟ್ಟ ನಡತೆ. ಹಾಗಾಗಿ ತಾನು ಎಷ್ಟು ಹೊಲಿಯುತ್ತೇನೆಂಬುದು ಅಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಆ ರೀತಿಯೇ ಹೊಸ ಮ್ಯಾನೇಜರನ ಕಣ್ಣಿಗೆ ಬಿದ್ದದ್ದು. ಹೆಂಗಸರನ್ನೆಲ್ಲ ಕರೆಸಿ, ಕುರ್ಚಿಯಿಂದ ಏಳದೆ, ಬಹಳ ಮೃದುವಾಗಿ ಮಾತಾಡಿದ.

“ನೋಡಿ ಅಮ್ಮ, ನಾವು ಯಾರಿಗೂ ಅನ್ಯಾಯ ಮಾಡಲ್ಲ. ಈ ತಿಂಗಳು ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ದಾರ. ಯಾರ ಬಣ್ಣ ಹೆಚ್ಚಿರುತ್ತೋ ಅವರು ಉಳೀತಾರೆ. ಒಬ್ಬರ ದಾರ ಇನ್ನೊಬ್ಬರು ಮುಟ್ಟಬಾರದು. ಮುಟ್ಟಿದ್ದು ಕಂಡರೆ ಅವತ್ತೇ ಕೆಲಸದಿಂದ ತೆಗೀತೀವಿ. ಶಿವಕುಮಾರಿ ಓದಿದವರು, ದಾರ ಅವರೇ ಹಂಚಲಿ.”

“ಸಾಹೇಬ್ರ,” ಅಂದಳು ಶಿವಕುಮಾರಿ. “ಮಾಸುಂಬಕ್ಕಗ ಹಳೇ ಸಾವ್ಕಾರ್ರು ಒಂದು ಮಾತು ಕೊಟ್ಟಾರ್ರೀ.”

“ಹೌದಾ? ಕಂಪನಿ ಮಿಲ್ಲನ್ನು ಕೊಂಡಿದೆ, ಬಾಯ್ಲರ್ ಕೊಂಡಿದೆ, ಗೋಡೌನ್ ಕೊಂಡಿದೆ. ಅವರ ಮಾತನ್ನ ಕೊಂಡಿಲ್ಲವಲ್ಲಮ್ಮ.”

ಅವನು ಅದನ್ನು ನಗುತ್ತಲೇ ಹೇಳಿದ. ಆ ನಗು ಶಿವಕುಮಾರಿಯ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಒಬ್ಬ ಮನುಷ್ಯನ ಹೆಣವನ್ನು ಈ ನೆಲದಿಂದಲೇ ಎತ್ತಿಕೊಂಡು ಹೋಗಿದ್ದರು. ನೆಲ ಕೊಂಡವರು ಅದನ್ನು ಬಿಟ್ಟು ಹೇಗೆ ಕೊಂಡರು? ಕೇಳಬೇಕೆನಿಸಿತು. ತಾನು ತಪ್ಪು ಮಾತಾಡಿ ಮಾಸುಂಬಿಗೇ ಕೇಡು ತಂದರೆ ಎಂದು ಅಂಜಿ ಸುಮ್ಮನಾದಳು.

ದಾರ ಹಂಚಿದ ದಿನ ನಗೆಚಾಟಿಕೆಗೆ ಕೊರತೆ ಇರಲಿಲ್ಲ. ಶಿವಕುಮಾರಿಗೆ ಕೆಂಪು ಬಂತು, ಮಾಸುಂಬಿಗೆ ನೀಲಿ, ಮಹಾಲಕ್ಷ್ಮಿಗೆ ಕರಿ.

“ಎಲ್ಲಾರಿಗೂ ಚೆಂದಚೆಂದಂದು, ನನಗ ಯಾಕಬೇ ಕರೀದು?”

“ದೃಷ್ಟಿದಾರ ಅನ್ಕೋ ಅತ್ತಿ,” ಅಂದಳು ಜವಳಗೇರಾದಿಂದ ಟಂಟಂ ಹತ್ತಿ ಬರುವ ಭಾಗ್ಯಶ್ರೀ. ಅವಳೇ ಎಲ್ಲರಿಗಿಂತ ಚಿಕ್ಕವಳು, ಕೂಸಿನ ತಾಯಿ. “ನಿನ್ನ ನೋಡಿ ಮ್ಯಾನೇಜರಗ ಎಲ್ಲಿ ದೃಷ್ಟಿ ಆದೀತು ಅಂತ.”

“ನನಗ್ಯಾಕ ಆಗ್ತೈತಿ? ಅವಗ ಕಟ್ಟು. ದಿನಾ ಇಸ್ತ್ರಿ ಅಂಗಿ ಹಾಕ್ಕೊಂಡು ಮದುಮಗನಾಂಗ ಬರ್ತಾನ.”

ಕೆಲಸ ಶುರುವಾಯಿತು. ಎಲ್ಲರೂ ತಲೆ ಬಗ್ಗಿಸಿ ಹೊಲಿದರು. ಮೊದಲು ಹಾಡು ಇರುತ್ತಿತ್ತು, ಮಾತು ಇರುತ್ತಿತ್ತು. ಈಗ ಗೋಣಿಯೊಳಗೆ ದಬ್ಬಳ ಹೊಕ್ಕು ಹೊರಡುವ ಸದ್ದೊಂದೇ. ಮಧ್ಯಾಹ್ನ ಮಾಸುಂಬಿ ನಮಾಜಿಗೆಂದು ಎದ್ದು ನಳದ ಕಡೆ ಹೋದಾಗ ಅವಳ ನೀಲಿ ದಾರದ ಲಡಿ ಮೊಳೆಗೆ ನೇತಾಡುತ್ತಿತ್ತು. ಶಿವಕುಮಾರಿ ಆಚೀಚೆ ನೋಡಿದಳು. ಯಾರೂ ನೋಡುತ್ತಿರಲಿಲ್ಲ. ಲಡಿಯಿಂದ ಒಂದಿಷ್ಟು ದಾರ ಎಳೆದು ಕತ್ತರಿಸಿ ಸೆರಗಿನೊಳಗೆ ಇಟ್ಟುಕೊಂಡಳು. ತನ್ನ ಪಾಲಿಗೆ ಬಂದ ಚೀಲಗಳಲ್ಲಿ ಕೆಲವನ್ನು ಆ ನೀಲಿಯಿಂದ ಹೊಲಿದಳು. ಬದುಕಿನಲ್ಲಿ ಅವಳು ಮಾಡಿದ ಮೊದಲ ಕಳವು ಅದು. ಹೊಲಿಗೆಯ ಮೇಲೆ ಹೊಟ್ಟಿನ ಪುಡಿ ಸವರಿ, ಏನೂ ಆಗದವಳಂತೆ ಕೂತಳು. ಮರುದಿನವೂ ಮಾಡಿದಳು. ಆಮೇಲೆ ದಿನಾ ಮಾಡಿದಳು.

ಲಡಿ ಬೇಗ ಬೇಗ ಕರಗತೊಡಗಿತು. ತಾನು ಹೆಚ್ಚು ಎಳೆಯುತ್ತಿದ್ದೇನೆಂದು ಶಿವಕುಮಾರಿಗೆ ಭಯವಾಯಿತು. ಕಡಿಮೆ ಮಾಡಿದಳು. ಆದರೂ ಕರಗಿತು. ಅವಳು ಸ್ಟೋರಿನಿಂದ ಹೊಸ ಲಡಿ ತಂದು ತೂಗುಹಾಕುವಾಗ ಮಾಸುಂಬಿ ಸಿಟ್ಟಿನಿಂದ ಎದ್ದು ನಿಂತಳು.

“ಯಾವಾಕೋ ನನ್ನ ದಾರ ಕದಿಯಾಕತ್ಯಾಳ.”

ಕೈಗಳೆಲ್ಲ ನಿಂತವು.

“ನಾ ಹೊಲಿಯೋದು ನಾಕು ಚೀಲ, ದಾರ ನೋಡಿದ್ರ ಖಾಲಿ. ಮನೀಗೊಯ್ದು ಎಮ್ಮಿಗೆ ಹಗ್ಗ ಹೊಸಿಯಾಕತ್ತೀರೇನು? ಮುದುಕಿ ದಾರ ಕದ್ರ ಯಾವಾಕಿಗೂ ಬರಕತ್ ಆಗಂಗಿಲ್ಲ, ಹೇಳೀನಿ.”

“ಇಲಿ ಒಯ್ದಿರಬೇಕು ಬಿಡಬೇ ಅಕ್ಕ,” ಅಂದಳು ಮಹಾಲಕ್ಷ್ಮಿ, ತಲೆ ಎತ್ತದೆ.

“ಬರೇ ನೀಲಿ ಒಯ್ಯೂ ಇಲಿ ಅದಾವೇನು ನಿಮ್ಮ ಸಿಂಧನೂರಾಗ?”

ಭಾಗ್ಯಶ್ರೀ ಪಕ್ಕನೆ ನಕ್ಕು, ಕೆಮ್ಮು ಬಂದವಳಂತೆ ಸೆರಗು ಬಾಯಿಗೆ ಒತ್ತಿಕೊಂಡಳು. ಶಿವಕುಮಾರಿ ಮಾತ್ರ ತನ್ನ ಪಾದಗಳನ್ನೇ ನೋಡುತ್ತಿದ್ದಳು. ಆಗ ಅವಳು ತಲೆ ಎತ್ತಿ ಉಳಿದವರ ಮುಖ ನೋಡಿದ್ದರೆ, ಎಲ್ಲರೂ ತಮ್ಮ ತಮ್ಮ ಪಾದಗಳನ್ನೇ ನೋಡುತ್ತಿದ್ದುದು ಕಾಣುತ್ತಿತ್ತು.

ತಿಂಗಳು ತುಂಬಿದ ಬೆಳಿಗ್ಗೆ ಮ್ಯಾನೇಜರ್ ಅವಳನ್ನೊಬ್ಬಳನ್ನೇ ಗೋಡೌನಿಗೆ ಕರೆದ. ಲಾರಿಗೆ ಹೋಗಬೇಕಾದ ಚೀಲಗಳನ್ನು ಹೊಲಿಗೆಯ ಬಾಯಿ ಹೊರಗೆ ಕಾಣುವಂತೆ ಗೋಡೆಯಂತೆ ಪೇರಿಸಿದ್ದರು. ಶಿವಕುಮಾರಿ ನೋಡಿದಳು. ನೀಲಿ. ಬುಡದಿಂದ ತುದಿಯವರೆಗೆ ನೀಲಿ. ನಡುನಡುವೆ ಅವಳ ಕೆಂಪು ಕುಂಕುಮದ ಬೊಟ್ಟಿನಂತೆ ಅಲ್ಲೊಂದು ಇಲ್ಲೊಂದು. ಮಹಾಲಕ್ಷ್ಮಿಯ ಕರಿ ಹುಡುಕಿದರೆ ಸಿಗುವಷ್ಟು. ಭಾಗ್ಯಶ್ರೀಯ ಹಳದಿಯಂತೂ ಕಾಣಲೇ ಇಲ್ಲ.

ಅವಳಿಗೆ ಮೊದಲು ಬಂದದ್ದು ನಗು. ಒಬ್ಬಳಿಗೆ ಗೊತ್ತಾಗದಂತೆ ಇನ್ನೊಬ್ಬಳು, ಎಲ್ಲರೂ ಒಂದೇ ಲಡಿಗೆ ಕೈ ಹಾಕಿದ್ದರು. ಬಾಯಿಬಡಕಿ ಮಹಾಲಕ್ಷ್ಮಿ ಕೂಡ ತುಟಿ ಬಿಚ್ಚಿರಲಿಲ್ಲ. ಮಾತಾಡಿಕೊಂಡಿದ್ದರೆ ಹದವಾಗಿ ಹೊಲಿಯಬಹುದಿತ್ತು, ಯಾರಿಗೂ ಸಂಶಯ ಬಾರದಂತೆ. ಆದರೆ ಮಾತಾಡುವುದೆಂದರೆ ನಾನಿಷ್ಟು ಕೊಟ್ಟೆ, ನೀನೆಷ್ಟು ಕೊಟ್ಟೆ ಎಂದು ಎಣಿಸುವುದು. ಅದು ಅವರಿಂದ ಆಗುವ ಕೆಲಸವಲ್ಲ. ನಗುವಿನ ಬೆನ್ನಿಗೇ, ಇದು ಮ್ಯಾನೇಜರನಿಗೂ ಕಂಡಿದೆ ಎಂಬುದು ಹೊಳೆಯಿತು.

“ಹೇಳಮ್ಮ,” ಅಂದ ಮ್ಯಾನೇಜರ್. “ಆ ಮುದುಕಮ್ಮ ಇಷ್ಟು ಹೊಲಿದರಾ?”

ಶಿವಕುಮಾರಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

“ನನಗೂ ಕಣ್ಣಿದೆ. ಒಂದು ಕೆಲಸ ಮಾಡಿ. ನೀವು ಓದುಬರಹ ಬಲ್ಲವರು. ಮಾಸುಂಬಿ ನಮ್ಮನ್ನೆಲ್ಲ ಹೆದರಿಸಿ ತನ್ನ ದಾರದಲ್ಲಿ ಹೊಲಿಸಿಕೊಂಡರು ಅಂತ ನಾಲ್ಕು ಸಾಲು ಬರೆದು ಸಹಿ ಹಾಕಿಕೊಡಿ. ಅವರೊಬ್ಬರು ಹೋಗ್ತಾರೆ. ಉಳಿದವರನ್ನು ಯಂತ್ರ ಬಂದ ಮೇಲೂ ಇಟ್ಟುಕೊಳ್ಳೋ ಹಾಗೆ ನಾನು ಮೇಲಿನವರ ಹತ್ತಿರ ಮಾತಾಡ್ತೀನಿ. ನಿಮ್ಮನ್ನು ಸೂಪರ್‌ವೈಸರ್ ಮಾಡೋಣ.”

“ಹಂಗ ಯಾಕ್ರೀ? ಸುಮ್ನ ಬ್ಯಾಡ ಅಂದ್ರೂ ಆಕಿ ಹೋಗ್ತಾಳಲ್ರೀ.”

“ಸುಮ್ಮನೆ ತೆಗೆದರೆ ಇಷ್ಟು ವರ್ಷದ ಪರಿಹಾರ ಅಂತ ಬರುತ್ತೆ. ಮೋಸ ಮಾಡಿದರು ಅಂತಾದರೆ ಕಂಪನಿ ಮೇಲೆ ಏನೂ ಬರೋಲ್ಲ. ಅಷ್ಟೇ.”

ಅಷ್ಟೇ ಎಂದ ಅವನು, ಚಹಾಕ್ಕೆ ಸಕ್ಕರೆ ಸಾಕು ಎನ್ನುವಂತೆ. ಗಂಡನನ್ನು ಇವರ ಚೀಲಗಳ ಕೆಳಗೆ ಕಳಕೊಂಡವಳನ್ನು, ಬೆರಳನ್ನು ಇವರ ಚೀಲಗಳ ಮೇಲೆ ಸವೆಸಿಕೊಂಡವಳನ್ನು, ಹೋಗುವಾಗ ಕಳ್ಳಿ ಎಂದು ಹೆಸರಿಟ್ಟು ಕಳಿಸಬೇಕು. ಆ ಹೆಸರು ಇಡುವುದಕ್ಕೆ ತನ್ನ ಅಕ್ಷರ ಬೇಕು. ಆದರೂ ಅವಳ ಬಾಯಿಂದ ಬಂದದ್ದು, “ಕೇಳಿ ಹೇಳ್ತೀನ್ರೀ,” ಎಂಬ ಮಾತು. ಉಳಿದವರ ಅನ್ನದ ಮೇಲೆ ತಾನೊಬ್ಬಳೇ ತೀರ್ಪು ಕೊಡುವುದಾದರೂ ಹೇಗೆ?

ಹೊರಗೆ ಬಂದು ಇದ್ದದ್ದು ಇದ್ದಂತೆ ಹೇಳಿದಳು. ಎಲ್ಲರೂ ನೀಲಿ ದಾರದಲ್ಲಿ ಹೊಲಿದದ್ದು ಎಲ್ಲರಿಗೂ ಗೊತ್ತಾದದ್ದು ಆವಾಗಲೇ. ಒಬ್ಬರನ್ನೊಬ್ಬರು ನೋಡಿಕೊಂಡರು. ನಗುವ ಹೊತ್ತಾಗಿರಲಿಲ್ಲ.

ಎಲ್ಲರಿಗಿಂತ ಮೊದಲು ಸಿಡಿದವಳು ಮಾಸುಂಬಿ. “ನಿಮ್ಮನ್ನ ಯಾರು ಕೇಳಿದ್ರು? ನಾನೇನು ಸೆರಗು ಒಡ್ಡಿದ್ನೇನು? ತಿಂಗಳತನಕ ನನಗ ಗೊತ್ತಾಗಲಾರದಂಗ ಭಿಕ್ಷಾ ಹಾಕೀರಿ. ನಾ ಬ್ಯಾರೆ ಹುಚ್ಚಿ, ಕಳ್ಳಿ ಯಾರಂತ ಹುಡುಕ್ಕೋತ ಕುಂತೀನಿ.”

“ಅಕ್ಕ, ಭಿಕ್ಷಾ ಅಲ್ಲಬೇ,” ಅಂದಳು ಭಾಗ್ಯಶ್ರೀ, ಅಳು ನುಂಗಿಕೊಂಡು. “ನಾ ಬಾಣಂತನ ಮುಗಿಸಿ ಬಂದಾಗ ಹೊಲಿಯಾಕ ಆಗ್ತಿರಲಿಲ್ಲ. ನೀ ನನ್ನ ಪಾಲಿಂದು ಹೊಲಿದಿದ್ದಿ. ನಾ ಕೇಳಿದ್ನೇನು?”

ಮಾಸುಂಬಿ ಕೂತು, ತನ್ನ ಬೆರಳುಗಳನ್ನು ನೀವಿಕೊಂಡಳು. ದನಿ ಇಳಿಸಿ, “ಶಿವಕುಮಾರಿ, ಬರದು ಕೊಡು,” ಅಂದಳು.

“ಏನ್ ಮಾತಾಡ್ತಿಬೇ ಅಕ್ಕ?”

“ಬರಿ. ನಾ ಹೆಂಗಿದ್ರೂ ಹೋಗಾಕಿ. ಈ ಕೈಲೆ ಇನ್ನೆಷ್ಟು ದಿನ ಹೊಲಿತೀನಿ? ಈ ಹುಡುಗಿ ಮಡಿಲಾಗ ಕೂಸೈತಿ. ನನ್ನ ಹೆಸರು ಕೆಟ್ರ ಯಾರು ಕೇಳೋರದಾರ? ಇದ್ದಾಂವ ಮಣ್ಣಾಗ ಮಲಗ್ಯಾನ.”

ಯಾರೂ ಬೇಡ ಅನ್ನಲಿಲ್ಲ. ಬರಿ ಎಂದೂ ಅನ್ನಲಿಲ್ಲ. ಮಹಾಲಕ್ಷ್ಮಿ ಗೋಡೆ ನೋಡುತ್ತಿದ್ದಳು. ಆ ಮೌನ ಶಿವಕುಮಾರಿಗೆ ಅರ್ಥವಾಗದ್ದೇನಲ್ಲ. ಅವಳ ಮನೆಯ ಡಬ್ಬಿಯಲ್ಲೂ ಹಿಟ್ಟು ತಳ ಕಂಡಿತ್ತು.

ಆಫೀಸಿನಲ್ಲಿ ಮ್ಯಾನೇಜರ್ ಹಾಳೆ, ಪೆನ್ನು ಮುಂದಿಟ್ಟ. ಬಾಗಿಲ ಆಚೆ ಹೆಂಗಸರು ಗುಂಪಾಗಿ ನಿಂತಿದ್ದರು. ಅವಳು ಕುರ್ಚಿಯ ತುದಿಗೆ ಕೂತು ಪೆನ್ನು ಹಿಡಿದಳು. ‘ಮಾಸುಂಬಿ’ ಎಂದು ಬರೆದಳು. ಶಿವಕುಮಾರಿ ಸಂಜೆ ಶಾಲೆಗೆ ಹೋಗುತ್ತಿದ್ದಾಗ, ಬೇಗ ಹೊರಡಲಿ ಎಂದು ಅವಳ ಕೊನೆಯ ಚೀಲಗಳನ್ನು ಹೊಲಿಯುತ್ತಿದ್ದವಳು ಇದೇ ಮಾಸುಂಬಿ. ‘ನಡಿ ನಡಿ, ಸಾಲಿ ಬಿಟ್ಟಾರು’ ಎಂದು ಬೆನ್ನಿಗೆ ಗುದ್ದಿ ಕಳಿಸುತ್ತಿದ್ದಳು. ಹಾಗೆ ಕಲಿತ ಅಕ್ಷರ ಇದು. ಇದರಿಂದ ಅವಳನ್ನೇ ಕಳ್ಳಿ ಎಂದು ಬರೆಯಬೇಕು. ಶಿವಕುಮಾರಿಗೆ ಭಯವೇನೂ ಹೋಗಲಿಲ್ಲ. ಆದರೆ ಸಿಟ್ಟು ಭಯಕ್ಕಿಂತ ಒಂದು ಗೇಣು ಮೇಲೆ ಬಂದಿತ್ತು. ಪೆನ್ನು ಕೆಳಗಿಟ್ಟಳು.

“ಸಾಹೇಬ್ರ, ಆಕಿ ಯಾರನ್ನೂ ಅಂಜಿಸಿಲ್ರೀ. ಆಕಿಗೆ ಗೊತ್ತ ಇದ್ದಿಲ್ಲ. ನಾ ಹೊಲಿದೀನಿ, ನಾವೆಲ್ಲಾರೂ ಹೊಲಿದೀವಿ. ಚೀಲ ಹೊಲದಿದ್ದು ಖರೆ ಐತಲ್ರೀ? ಒಂದರ ಬಾಯಿ ಬಿಚ್ಚೈತೇನ್ರೀ? ನಿಮ್ಮ ಅಕ್ಕಿ ಒಂದು ಕಾಳು ಚೆಲ್ಲೈತೇನ್ರೀ? ಮತ್ತ ಮೋಸ ಯಾರಿಗಾತು? ಮೋಸ ಅಂದ್ರ ನೀವು ಈಗ ನನ್ನ ಕೈಲೆ ಬರಸಾಕತ್ತೀರಲ್ಲ, ಇದು.”

ಅಷ್ಟುದ್ದ ಅವಳು ಯಾವ ಸಾಹೇಬನ ಮುಂದೂ ಮಾತಾಡಿದವಳಲ್ಲ. ಮ್ಯಾನೇಜರನ ಮುಖದ ಮೃದುತನ ಮಾತ್ರ ಬದಲಾಗಲಿಲ್ಲ.

“ಎಲ್ಲಾರೂ ಹೊಲಿದಿರಾ? ಬೇರೆಯವರ ದಾರ ಮುಟ್ಟಬಾರದು ಅಂತ ನಾನು ಮೊದಲೇ ಹೇಳಿದ್ದೆ. ನೀವೇ ಒಪ್ಪಿಕೊಂಡಿರಿ. ಹಾಗಾದರೆ ನಾಳೆಯಿಂದ ಯಾರೂ ಬರಬೇಡಿ. ನನಗೂ ಸುಲಭವಾಯ್ತು.”

ಗೇಟಿನ ಬಳಿ ಕಾವಲಿನವನು ಅವರ ರೊಟ್ಟಿಯ ಗಂಟುಗಳನ್ನು ಬಿಚ್ಚಿಸಿ ನೋಡಿ ಹೊರಗೆ ಬಿಟ್ಟ. ನೆತ್ತಿಯ ಮೇಲೆ ಬಿಸಿಲು. ಚಿಮಣಿಯ ಕರಿ ಬೂದಿ ಎಂದಿನಂತೆ ಅವರ ತಲೆಯ ಮೇಲೆ ಉದುರುತ್ತಿತ್ತು. ರಸ್ತೆ ದಾಟುವವರೆಗೂ ತಡೆದುಕೊಂಡಿದ್ದ ಮಹಾಲಕ್ಷ್ಮಿ ಬೇವಿನ ಮರದ ಕೆಳಗೆ ಬಂದದ್ದೇ ತಿರುಗಿ ನಿಂತಳು.

“ಎಲ್ಲಾರೂ ಅನ್ನಾಕ ನಿನಗ ಯಾರು ಹೇಳಿದ್ರು? ನೀ ಹೊಲಿದ್ರ ನೀ ಹೊಲಿದೀನಿ ಅನ್ನು. ನನ್ನ ಹೆಸರು ಯಾಕ ತಂದಿ? ನಾಕು ಅಕ್ಷರ ಕಲ್ತಿ ಅಂತ ನಮ್ಮೆಲ್ಲಾರ ಹೊಟ್ಟಿ ಮ್ಯಾಲ ಬರೆ ಎಳದಿ.”

ಮಹಾಲಕ್ಷ್ಮಿ ಹೇಳುವುದರಲ್ಲಿ ತಪ್ಪೇನಿತ್ತು? ಬಾಗಿಲ ಆಚೆ ನಿಂತವರನ್ನು ಒಂದು ಮಾತು ಕೇಳಬಹುದಿತ್ತು. ಖರೆ ಮಾತೆಂದು ಆಡಿದ್ದು ಇವರ ಒಲೆಗೆ ನೀರು ಸುರಿದಿತ್ತು. ಶಿವಕುಮಾರಿಯ ಮುಂದೆ ಈಗ ಇದ್ದದ್ದು ಒಂದೇ ದಾರಿ, ಅದೂ ಸರಿಯೋ ತಪ್ಪೋ ಗೊತ್ತಿರಲಿಲ್ಲ.

“ಭಾಗ್ಯಶ್ರೀ, ನಿಮ್ಮಣ್ಣ ಹಟ್ಟಿ ಚಿನ್ನದ ಗಣಿಯೊಳಗ ಅದಾನಲ್ಲ. ಹಿಂಗಾದ್ರ ಅವರು ಎಲ್ಲಿಗೆ ಹೋಗ್ತಾರ?”

“ಅಲ್ಲಿ ಸಂಘ ಐತಬೇ ಅಕ್ಕ. ಸಂಘ ಇಲ್ಲದವರೂ ಲಿಂಗಸುಗೂರಿಗೆ ಹೋಗಿ ಅರ್ಜಿ ಕೊಡ್ತಾರಂತ. ಕೂಲಿಯವರ ತಕರಾರು ಕೇಳೋ ದೊಡ್ಡ ಸಾಹೇಬ್ರು ಅಲ್ಲೇ ಕೂಡ್ತಾರಂತ.”

“ನಾ ಹೊಂಟೀನಿ. ಯಾರರ ಬರ್ರಿ, ಬಿಡ್ರಿ. ನಾ ಮಾಡಿದ್ದು ನಾನ ಹೇಳ್ತೀನಿ.”

ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಲಿಂಗಸುಗೂರಿನ ಬಸ್ಸು ನಿಂತಿತ್ತು. ಬೋರ್ಡು ಓದಿದಳು. ಎಂದಿನಂತೆ ಪಕ್ಕದವರನ್ನು ಕೇಳಲಿಲ್ಲ; ಕೇಳಿದರೆ ಅಳು ಬರುತ್ತಿತ್ತು. ಕಿಟಕಿಯ ಪಕ್ಕ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಕೈಗೆ ಬೂದಿ ಹತ್ತಿತು.

ಮೊದಲು ಹತ್ತಿದವಳು ಮಾಸುಂಬಿ. ಸೊಟ್ಟ ಬೆರಳುಗಳಿಂದ ಸರಳು ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ಬಂದು ಎದುರು ಸೀಟಿನಲ್ಲಿ ಕೂತಳು. “ಭಿಕ್ಷಾ ಹಾಕಿದ್ದಕ್ಕ ನಿನ್ನ ಮ್ಯಾಲ ಇನ್ನೂ ಸಿಟ್ಟದೀನಿ,” ಎಂದು ಹೇಳಿ ಮುಖ ತಿರುಗಿಸಿದಳು. ಆಮೇಲೆ ಭಾಗ್ಯಶ್ರೀ ಹತ್ತಿದಳು. ಅವಳ ಹಿಂದೆ ಇನ್ನೂ ಕೆಲವರು. ಕಂಡಕ್ಟರ್ ಆಧಾರ್ ಕಾರ್ಡು ಕೇಳುತ್ತ, ಹೆಂಗಸರ ಉಚಿತ ಚೀಟಿ ಹರಿದು ಕೊಡುತ್ತ ಬಂದ. ಡ್ರೈವರ್ ಗಾಡಿ ಶುರು ಮಾಡಿದ. ಬಸ್ಸು ಇನ್ನೇನು ಅಲುಗಬೇಕು, ಬಾಗಿಲಿಗೆ ಯಾರೋ ದಬದಬ ಬಡಿದರು.

“ನಿಂದ್ರಸೋ ತಮ್ಮಾ. ಮಂದಿ ಹತ್ತೂದು ಕಾಣಂಗಿಲ್ಲೇನು?”

ಮಹಾಲಕ್ಷ್ಮಿ ಏದುಸಿರು ಬಿಡುತ್ತ ಬಂದು ಶಿವಕುಮಾರಿಯ ತೋಳಿಗೆ ತಿವಿದಳು. “ಸರಿಬೇ ಆಕಡೆ. ಕೆಲಸ ಕಳದಿದ್ದಲ್ಲದ ಸೀಟೂ ಕೊಡಂಗಿಲ್ಲೇನು?”

ಕೂತದ್ದೇ ಬೈಯಲು ಶುರು ಮಾಡಿದಳು. ಬಸ್ಸು ಊರು ದಾಟಿ ಭತ್ತದ ಗದ್ದೆಗಳ ನಡುವೆ ಬರುವವರೆಗೂ ಶಿವಕುಮಾರಿಯನ್ನು ಬೈದಳು. ಅವಳ ಓದನ್ನು ಬೈದಳು, ಅವಳ ಅಂಜುಬುರುಕುತನವನ್ನು ಬೈದಳು, ಅಂಜುಬುರುಕಿ ಅಂಜದೆ ಮಾತಾಡಿದ್ದನ್ನೂ ಬೈದಳು. ಮಧ್ಯೆ ಒಮ್ಮೆ ನೀರು ಕುಡಿದಳು. ಮತ್ತೆ ಶುರು ಮಾಡಿದಾಗ ಬೈಗುಳ ಮ್ಯಾನೇಜರನ ಇಸ್ತ್ರಿ ಅಂಗಿಯ ಮೇಲೆ ಹೋಗಿತ್ತು. ಮಸ್ಕಿ ಬರುವ ಹೊತ್ತಿಗೆ ಇಡೀ ಕಂಪನಿಯ ಮೇಲೆ.

“ಮಾತು ಕೊಂಡಿಲ್ಲಂತ, ಮಾತು. ಬಾಬುಣ್ಣನ ಮ್ಯಾಲ ಬಿದ್ದ ಚೀಲದ ಅಕ್ಕಿ ಏನ್ ಮಾಡಿದ್ರಂತ? ಬೋರ್ಡ್ ಬದಲಿ ಮಾಡಿದ್ರ ಎಲ್ಲಾ ತೊಳದು ಹೋಗ್ತೈತೇನು? ಹೊಲಿಸ್ಕೊಂಡ ಚೀಲ ಲಾರ್‍ಯಾಗ ಹೋದ್ವು, ಹೊಲಿದಾಕಿ ಕಳ್ಳಿ. ಇದು ಯಾವೂರ ನ್ಯಾಯ?”

ಮುಂದಿನ ಸೀಟಿನವರು ತಿರುಗಿ ನೋಡತೊಡಗಿದ್ದರು. ಶಿವಕುಮಾರಿ ಅವಳ ಮೊಣಕೈ ಹಿಡಿದಳು.

“ಇದನ್ನ ಹಿಂಗ ಸಾಹೇಬ್ರ ಮುಂದ ಹೇಳ್ತಿಯೇನು? ನನಗ ನಿನ್ನಂಗ ಬರಂಗಿಲ್ಲ.”

“ಹೇಳಲಾರದ ಮತ್ತೇನು? ನೀ ಸುಮ್ನ ಪಕ್ಕದಾಗ ನಿಂದ್ರು. ನಾ ಎಲ್ಲೆರ ತಪ್ಪಿದ್ರ ಕೈ ಚಿವುಟು.”